ಹಾಪ್ಸ್ ಬಳ್ಳಿಗೂ ಮೈಲುತುತ್ತ

ಮನೆಯಲ್ಲೇ ಬಿಯರ್ ಮಾಡುತ್ತೇನೆ, ಅದೂ ಸಾವಯವ ಧಾನ್ಯ ತಂದು, ಅಂದರೆ ಊರ ಕಡೆಯವರು ಮೊದಲು ಕೇಳುವುದು ಎರಡು ಮಾತು. ಇದಕ್ಕೆ ಪೊಲೀಸರು ಹಿಡಿಯೋದಿಲ್ವಾ? ಸಾವಯವ ಅಂದ ಮೇಲೆ ಕುಡಿದರೆ ಏನೂ ಆಗೋದಿಲ್ಲ ಅಲ್ವಾ? ಎರಡಕ್ಕೂ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಆಮೇಲೆ ಹೊಲದ ವಿಷಯಕ್ಕೆ ಬರುತ್ತೇನೆ. ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿರುವುದು ಅದೇ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಮೊದಲಿಂದ ಹೀಗಿರಲಿಲ್ಲ. 1920ರಲ್ಲಿ ದೇಶಕ್ಕೆಲ್ಲ ಬಂದ ಪಾನನಿಷೇಧ 1933ರಲ್ಲಿ ಹೋಯಿತು. ಆಗ ಮನೆಯಲ್ಲಿ ವೈನ್ ಮಾಡಲು ದಾರಿಯಾಯಿತು, ಬಿಯರಿಗೆ ಆಗಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆಯೇ ಅದಕ್ಕೂ ಅವಕಾಶ ಸಿಕ್ಕಿದ್ದು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ರಾಜ್ಯಗಳು ತಮ್ಮ ಕಾನೂನನ್ನು ಒಂದೊಂದಾಗಿ ಬದಲಿಸಿಕೊಂಡವು. ಕೊನೆಗೆ ಒಪ್ಪಿದ ಮಿಸಿಸಿಪಿ ಮತ್ತು ಅಲಬಾಮಾಗಳು ಒಪ್ಪಿದ್ದು 2013ರಲ್ಲಿ. ಕರ್ನಾಟಕದ ಕಥೆ ಬೇರೆ. ಅಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಊರಲ್ಲಿ ಕೂತು ಓದುತ್ತಿರುವವರು ದಯವಿಟ್ಟು ಇದನ್ನು ಓದಿಗಷ್ಟೇ ಇಟ್ಟುಕೊಳ್ಳಿ.

ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಸರಳ. ಸಾವಯವ ಬಿಯರ್ ಕೂಡ ಬಿಯರೇ. ಅದರಲ್ಲಿರುವ ಆಲ್ಕೋಹಾಲ್‌ಗೆ ಬಾರ್ಲಿ ಯಾವ ಹೊಲದಿಂದ ಬಂತು ಅಂತ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ ಹಾಕಿ ಇದು ಆರೋಗ್ಯಕರ ಅನ್ನುವ ಭಾವನೆ ಹುಟ್ಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಮ್ಮಿ ಮಾಡುತ್ತೇನೆ, ಕಮ್ಮಿ ಕುಡಿಯುತ್ತೇನೆ, ಹೆಚ್ಚಿನದ್ದು ಸ್ನೇಹಿತರ ಮನೆಗೆ ಹೋಗುತ್ತದೆ.

ಹಾಗಾದರೆ ಸಾವಯವ ಯಾಕೆ ಬೇಕು?

ನಾನು ಬೆಳೆದದ್ದು ಸಾಗರದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ. ಔಷಧಿ ಹೊಡೆಯುವುದು ಅಂದರೆ ಏನು ಅಂತ ಚಿಕ್ಕಂದಿನಿಂದ ನೋಡಿದವನು. ಹೊಡೆದ ಔಷಧಿ ಮೊದಲು ಬೀಳುವುದು ಹೊಡೆಯುವವನ ಮೈಮೇಲೆ. ಆಮೇಲೆ ಮಣ್ಣಿಗೆ. ಮಳೆ ಬಂದಾಗ ತೋಟದ ಕೆಳಗಿನ ಹಳ್ಳಕ್ಕೆ. ಇದೆಲ್ಲ ಮುಗಿದು ಕೊನೆಯಲ್ಲಿ ಉಳಿದರೆ ಒಂದು ಚೂರು ತಿನ್ನುವವರ ತಟ್ಟೆಗೋ ಕುಡಿಯುವವರ ಲೋಟಕ್ಕೋ ಬರಬಹುದು. ಪೇಟೆಯಲ್ಲಿ ಸಾವಯವ ಅಂದ ತಕ್ಷಣ ಎಲ್ಲರೂ ಮಾತಾಡುವುದು ಆ ಕೊನೆಯ ಚೂರಿನ ಬಗ್ಗೆ. ನಾನು ಹಣ ಕೊಡುವುದು ಮೊದಲಿನ ಮೂರಕ್ಕೆ: ಆಳಿನ ಮೈ, ಮಣ್ಣು, ಹಳ್ಳ.

ಬಿಯರಿಗೆ ಬೇಕಾದ್ದು ನಾಲ್ಕೇ. ನೀರು, ಮಾಲ್ಟ್ ಮಾಡಿದ ಬಾರ್ಲಿ, ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಬಳ್ಳಿಯ ಹೂ, ಹುದುಗಿಸುವ ಯೀಸ್ಟ್. ತೂಕದಲ್ಲಿ ನೀರು ಬಿಟ್ಟರೆ ಬಾರ್ಲಿಯದ್ದೇ ದೊಡ್ಡ ಪಾಲು. ನಾನು ಒಂದು ಸಲಕ್ಕೆ ಮಾಡುವುದು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಅದಕ್ಕೆ ನಾಲ್ಕೂವರೆ ಕೆಜಿ ಮಾಲ್ಟ್ ಬೇಕು. ಹಾಪ್ಸ್ ಬೇಕಾಗುವುದು 85 ಗ್ರಾಂ ಅಷ್ಟೇ. ಈ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾಲ್ಟ್ ಅನ್ನುವುದು ನಮಗೆ ಹೊಸದೇನಲ್ಲ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಮಕ್ಕಳಿಗೆ ಹಿಟ್ಟು ಮಾಡುತ್ತಾರಲ್ಲ, ಅದೇ ಕೆಲಸ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಲು ಕಿಣ್ವಗಳನ್ನು ಹುಟ್ಟಿಸಿಕೊಳ್ಳುತ್ತದೆ. ಗಿಡವಾಗುವ ಮೊದಲೇ ಒಣಗಿಸಿಬಿಟ್ಟರೆ ಕಿಣ್ವಗಳು ಹಾಗೇ ಉಳಿಯುತ್ತವೆ. ಬಿಸಿನೀರು ಹಾಕಿದ ದಿನ ಮತ್ತೆ ಕೆಲಸ ಶುರು ಮಾಡುತ್ತವೆ.

ನಮ್ಮೂರಿಂದ ಕೊಲಂಬಿಯಾ ನದಿ ದಾಟಿದರೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಸಿಗುತ್ತದೆ. 1934ರಿಂದ ನಡೆಯುತ್ತಿರುವ ಗ್ರೇಟ್ ವೆಸ್ಟರ್ನ್ ಮಾಲ್ಟಿಂಗ್ ಕಾರ್ಖಾನೆ ಅಲ್ಲಿದೆ. ಸಾಮಾನು ತರಲು ನಾನು ಹೋಗುವ ಅಂಗಡಿ ಎಫ್.ಎಚ್. ಸ್ಟೈನ್‌ಬಾರ್ಟ್. ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಅಮೆರಿಕದಲ್ಲೇ ಹಳೆಯದು, 1918ರದ್ದು. ಪಾನನಿಷೇಧದ ಕಾಲವನ್ನೆಲ್ಲ ದಾಟಿ ಬಂದಿದೆ. ಸಾವಯವ ಮಾಲ್ಟಿಗೆ ಬೆಲೆ ಜಾಸ್ತಿ, ಕೆಲವು ಸಲ ಹೇಳಿ ತರಿಸಿಕೊಳ್ಳಬೇಕು. ಆದರೂ ಬಾರ್ಲಿಯಲ್ಲಿ ಸಾವಯವ ಅನ್ನುವುದು ರೈತನಿಗೆ ತೀರಾ ಕಷ್ಟದ ದಾರಿಯಲ್ಲ. ಇದಕ್ಕೊಂದು ಚಂದದ ಕಾರಣ ಇದೆ. ಮಾಲ್ಟಿಗೆ ಹೋಗುವ ಬಾರ್ಲಿಯಲ್ಲಿ ಪ್ರೋಟೀನ್ ಜಾಸ್ತಿ ಇರಬಾರದು. ಇದ್ದರೆ ಬಿಯರ್ ಮಬ್ಬಾಗುತ್ತದೆ, ಕಾಳಿನಲ್ಲಿ ಪಿಷ್ಟದ ಪಾಲು ಇಳಿಯುತ್ತದೆ, ಮಾಲ್ಟ್ ಮಾಡುವವರು ತಗೊಳ್ಳುವುದಿಲ್ಲ. ಯೂರಿಯಾದಂಥ ಸಾರಜನಕದ ಗೊಬ್ಬರ ಜಾಸ್ತಿ ಹಾಕಿದಷ್ಟೂ ಕಾಳಿನಲ್ಲಿ ಪ್ರೋಟೀನ್ ಏರುತ್ತದೆ. ಅಂದರೆ ಒಳ್ಳೆಯ ಬಿಯರಿಗೆ ಬೇಕಾದ ಬಾರ್ಲಿಯೇ ಗೊಬ್ಬರದಲ್ಲಿ ಕೈ ಹಿಡಿತ ಕೇಳುತ್ತದೆ. ಬೇಳೆಕಾಳಿನ ಜಾತಿಯ ಹಸಿರೆಲೆ ಗೊಬ್ಬರ ಬೆಳೆದು, ಮಣ್ಣಿಗೆ ಸೇರಿಸಿ, ಆಮೇಲೆ ಬಾರ್ಲಿ ಬಿತ್ತುವವನಿಗೆ ಈ ಬೆಳೆ ಹೊಂದಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಪೋರ್ಟ್‌ಲ್ಯಾಂಡಿನವರು ಪುಣ್ಯವಂತರು. 1895ರಿಂದ ಈ ಊರಿಗೆ ನೀರು ಬರುತ್ತಿರುವುದು ಮೌಂಟ್ ಹುಡ್ ಪಕ್ಕದ ಬುಲ್ ರನ್ ಕಾಡಿನಿಂದ. ಹೆಚ್ಚಾಗಿ ಮಳೆಯ ನೀರೇ, ತುಂಬಾ ಮೆದು, ಉಪ್ಪಿನ ಅಂಶ ಕಮ್ಮಿ. ಸುಣ್ಣದ ಅಂಶ ಸಾಲದು ಅಂತ ಒಂದೆರಡು ಚಮಚ ಜಿಪ್ಸಮ್ ಸೇರಿಸಿಕೊಳ್ಳುತ್ತೇನೆ. ಒಂದೇ ತೊಂದರೆ, ಊರಿನವರು ನೀರನ್ನು ಶುದ್ಧವಾಗಿಡಲು ಕ್ಲೋರಮೈನ್ ಬಳಸುತ್ತಾರೆ. ಕ್ಲೋರಿನ್ ಆದರೆ ಕುದಿಸಿದಾಗ ಬೇಗ ಹಾರಿಹೋಗುತ್ತದೆ. ಕ್ಲೋರಮೈನ್ ಹಾಗೆ ಸುಲಭವಾಗಿ ಹೋಗುವುದಿಲ್ಲ. ಮಾಲ್ಟಿನ ಜೊತೆ ಸೇರಿ ಅದು ಬಿಯರಿಗೆ ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ತರುತ್ತದೆ. ಚಿಟಿಕೆ ವಿಟಮಿನ್ ಸಿ ಪುಡಿ ಹಾಕಿದರೆ ಸಾಕು, ಕ್ಲೋರಮೈನ್ ಮುರಿದುಹೋಗುತ್ತದೆ. ಮನೆಯಲ್ಲಿ ಬಿಯರ್ ಮಾಡುವ ಎಷ್ಟೋ ಜನ ಸಾವಯವ ಧಾನ್ಯಕ್ಕೆ ದುಡ್ಡು ಕೊಟ್ಟು ನಲ್ಲಿ ನೀರನ್ನು ಹಾಗೇ ಸುರಿಯುತ್ತಾರೆ. ಮೊದಲು ನೀರು ನೋಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಮಾಡುವ ದಿನದ ಕೆಲಸ ಬೆಳಗ್ಗೆ ಶುರುವಾದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಒಡೆದ ಮಾಲ್ಟನ್ನು 66 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಡಬೇಕು. 62ರ ಹತ್ತಿರ ಇಟ್ಟರೆ ಯೀಸ್ಟ್ ಪೂರ್ತಿ ತಿಂದು ಮುಗಿಸುವಂಥ ಸಕ್ಕರೆ ಜಾಸ್ತಿ ಬರುತ್ತದೆ, ಬಿಯರ್ ತೆಳ್ಳಗಾಗುತ್ತದೆ. 70ರ ಹತ್ತಿರ ಹೋದರೆ ಯೀಸ್ಟಿಗೆ ಅರಗದ ಸಕ್ಕರೆ ಉಳಿದು ದಪ್ಪ ಅನ್ನಿಸುತ್ತದೆ. ಈ ನಾಲ್ಕಾರು ಡಿಗ್ರಿಯೊಳಗೇ ಬಿಯರಿನ ಮೈಕಟ್ಟು ತೀರ್ಮಾನವಾಗಿಬಿಡುತ್ತದೆ. ಆಮೇಲೆ ಸೋಸಿದ ಸಿಹಿ ನೀರನ್ನು ಒಂದು ಗಂಟೆ ಕುದಿಸಿ, ನಡುನಡುವೆ ಹಾಪ್ಸ್ ಹಾಕಿ, ಬೇಗ ತಣಿಸಿ, ಚೆನ್ನಾಗಿ ತೊಳೆದ ಡಬ್ಬಿಗೆ ಹಾಕಿ ಯೀಸ್ಟ್ ಸೇರಿಸುವುದು. ಯೀಸ್ಟಿನಲ್ಲೂ ಸಾವಯವ ಸಿಗುತ್ತದೆ, ಪೋರ್ಟ್‌ಲ್ಯಾಂಡಿನದೇ ಇಂಪೀರಿಯಲ್ ಯೀಸ್ಟ್ ಕಂಪನಿಯದ್ದು. ಹದಿನೆಂಟು ಇಪ್ಪತ್ತು ಡಿಗ್ರಿಯಲ್ಲಿ ಎರಡು ವಾರ ಬಿಟ್ಟರೆ ಹುದುಗುವುದು ಮುಗಿಯುತ್ತದೆ. ಬಾಟಲಿಗೆ ತುಂಬುವಾಗ ಒಂದಿಷ್ಟು ಸಕ್ಕರೆ, ಮತ್ತೆ ಎರಡು ವಾರ. ಸುಮಾರು ಶೇಕಡಾ 5 ಆಲ್ಕೋಹಾಲ್ ಇರುವ ಬಿಯರ್ ಬರುತ್ತದೆ. ಸೋಸಿ ಉಳಿದ ಮಾಲ್ಟಿನ ಚರಟ ಪಕ್ಕದ ಬೀದಿಯ ಕೋಳಿ ಸಾಕುವವರ ಮನೆಗೆ. ಹಾಪ್ಸ್ ಗಸಿಯನ್ನು ಮಾತ್ರ ಎಲ್ಲೆಂದರಲ್ಲಿ ಹಾಕಬೇಡಿ. ನಾಯಿಗಳಿಗೆ ಅದು ವಿಷ, ತಿಂದರೆ ಮೈ ಕಾವೇರಿ ಸಾಯಲೂಬಹುದು.

ಹಾಪ್ಸ್ ಸಾವಯವದಲ್ಲಿ ಬೆಳೆಯುವುದು ನಿಜಕ್ಕೂ ಕಷ್ಟ. ಇದು ಬಳ್ಳಿ. ಆದರೆ ನಮ್ಮ ಕಾಳುಮೆಣಸಿನ ಹಾಗೆ ಬೇರು ಬಿಟ್ಟು ಮರ ಹಿಡಿಯುವ ಜಾತಿಯಲ್ಲ. ಮೈಮೇಲೆ ಸಣ್ಣ ಕೊಕ್ಕೆಯಂಥ ರೋಮಗಳಿರುತ್ತವೆ, ಅವುಗಳಿಂದ ಹುರಿಯನ್ನು ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತುತ್ತಾ ಮೇಲೇರುತ್ತದೆ. ಬೇಸಿಗೆಯ ಜೋರಿನಲ್ಲಿ ದಿನಕ್ಕೆ ಒಂದಡಿಯವರೆಗೂ ಬೆಳೆಯುತ್ತದೆ. ತೋಟದಲ್ಲಿ 18 ಅಡಿ ಎತ್ತರಕ್ಕೆ ಕಂಬ ನೆಟ್ಟು, ತಂತಿ ಎಳೆದು, ಪ್ರತಿ ಬುಡಕ್ಕೂ ಹುರಿ ಇಳಿಬಿಡುತ್ತಾರೆ. ಹೆಣ್ಣು ಬಳ್ಳಿಯ ಹೂ ಮಾತ್ರ ಬೇಕು. ಅದರ ಎಸಳುಗಳ ಬುಡದಲ್ಲಿರುವ ಹಳದಿ ಪುಡಿಯಲ್ಲೇ ಬಿಯರಿಗೆ ಬೇಕಾದ ಕಹಿ, ಪರಿಮಳ ಎರಡೂ ಇರುವುದು. ಹಗಲು ಉದ್ದವಿರುವ, ಚಳಿಗಾಲದಲ್ಲಿ ನಿಜವಾದ ಚಳಿ ಬೀಳುವ ಜಾಗ ಬೇಕು ಇದಕ್ಕೆ. ಭಾರತದಲ್ಲಿ ಇದನ್ನು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಮಲೆನಾಡಿಗೆ ಮಳೆ ಎಷ್ಟಿದ್ದರೂ ಹಗಲಿನ ಉದ್ದ ಸಾಲದು.

ಇದರ ದೊಡ್ಡ ಶತ್ರು ಡೌನಿ ಮಿಲ್ಡ್ಯೂ ಅನ್ನುವ ಬೂಷ್ಟು ರೋಗ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಹಾಪ್ಸ್ ಬೆಳೆಯಲ್ಲಿ ಒರೆಗಾನ್ ರಾಜ್ಯವೇ ಮುಂದಿತ್ತು. ನಮ್ಮ ವಿಲ್ಯಾಮೆಟ್ ಕಣಿವೆಯ ಇಂಡಿಪೆಂಡೆನ್ಸ್ ಊರಿನ ಸುತ್ತ ತೋಟವೇ ತೋಟ. 1930ರ ಆಸುಪಾಸಿನಲ್ಲಿ ಈ ರೋಗ ಬಂತು. ಇಲ್ಲಿನ ವಸಂತಕಾಲದ ಜಡಿಮಳೆ ಅದಕ್ಕೆ ಹಬ್ಬ. ನಿಧಾನವಾಗಿ ಬೆಳೆ ಪೂರ್ವಕ್ಕೆ, ಕ್ಯಾಸ್ಕೇಡ್ ಬೆಟ್ಟಸಾಲಿನ ಆಚೆಯ ಯಾಕಿಮಾ ಕಣಿವೆಗೆ ಸರಿಯಿತು. ಅಲ್ಲಿ ವರ್ಷಕ್ಕೆ ಬೀಳುವುದು 200 ಮಿಲಿಮೀಟರ್ ಮಳೆ, ಉಳಿದದ್ದೆಲ್ಲ ಕಾಲುವೆ ನೀರು. ಇವತ್ತು ಈ ದೇಶದ ಹಾಪ್ಸ್‌ನ ಬಹುಪಾಲು ಬರುವುದು ಅಲ್ಲಿಂದಲೇ. ಆದರೆ ಅಲ್ಲಿಗೂ 1997ರಲ್ಲಿ ಇನ್ನೊಂದು ಬೂಷ್ಟು, ಪೌಡರಿ ಮಿಲ್ಡ್ಯೂ, ಹೋಗಿ ಸೇರಿತು. ಜೊತೆಗೆ ಗಿಡದ ಹೇನು, ಜೇಡನುಸಿ. ಹಾಗಾಗಿ ಹಾಪ್ಸ್ ತೋಟಕ್ಕೆ ಬೀಳುವ ಔಷಧಿಯ ಸುತ್ತುಗಳು ಬಾರ್ಲಿ ಹೊಲಕ್ಕಿಂತ ಎಷ್ಟೋ ಜಾಸ್ತಿ.

ಈಗ ಆ ಲೆಕ್ಕಕ್ಕೆ ಬರೋಣ. ಅಮೆರಿಕದ ಸಾವಯವ ನಿಯಮದ ಪ್ರಕಾರ ನೀರು, ಉಪ್ಪು ಬಿಟ್ಟು ತೂಕದಲ್ಲಿ ಶೇಕಡಾ 95ರಷ್ಟು ಸಾವಯವ ಆಗಿದ್ದರೆ ಆ ಪದಾರ್ಥವನ್ನು ಸಾವಯವ ಅಂತ ಮಾರಬಹುದು. ಉಳಿದ 5ರಲ್ಲಿ ಏನು ಹಾಕಬಹುದು ಅನ್ನುವುದಕ್ಕೆ ಸರ್ಕಾರದ ಒಂದು ಪಟ್ಟಿ ಇದೆ. 2007ರಲ್ಲಿ ಹಾಪ್ಸ್ ಆ ಪಟ್ಟಿಗೆ ಸೇರಿತು. ಸಾಕಷ್ಟು ಸಾವಯವ ಹಾಪ್ಸ್ ಸಿಗುವುದಿಲ್ಲ ಅನ್ನುವುದು ಕಾರಣ. ನನ್ನ ಪಾತ್ರೆಯದ್ದೇ ಲೆಕ್ಕ ಹಾಕಿದರೆ, ನಾಲ್ಕೂವರೆ ಕೆಜಿ ಮಾಲ್ಟಿಗೆ 85 ಗ್ರಾಂ ಹಾಪ್ಸ್ ಶೇಕಡಾ 2ಕ್ಕೂ ಕಮ್ಮಿ. ಅಂದರೆ ಬಿಯರಿನಲ್ಲಿ ಅತಿ ಹೆಚ್ಚು ಔಷಧಿ ಕಾಣುವ ಬೆಳೆಯೇ ತೂಕದ ನೆಪದಲ್ಲಿ ನಿಯಮದಿಂದ ತಪ್ಪಿಸಿಕೊಂಡಿತು. ಸಾವಯವ ಬಿಯರ್ ಅಂತ ಮಾರಿದ್ದರಲ್ಲಿ ಹಾಪ್ಸ್ ಮಾತ್ರ ಮಾಮೂಲಿ ತೋಟದ್ದಾಗಿರಬಹುದಿತ್ತು, ಅದು ಕಾನೂನಿನ ಪ್ರಕಾರ ಸರಿಯೂ ಆಗಿತ್ತು.

ಇದರಿಂದ ಪೆಟ್ಟು ಬಿದ್ದದ್ದು ಕಷ್ಟಪಟ್ಟು ಸಾವಯವ ಹಾಪ್ಸ್ ಬೆಳೆಯಲು ಹೊರಟವರಿಗೆ. ಬಿಯರ್ ಕಂಪನಿಗಳು ನಿಮ್ಮ ಹತ್ತಿರ ಸಾಕಷ್ಟು ಮಾಲಿಲ್ಲ, ಅದಕ್ಕೇ ಮಾಮೂಲಿಯದ್ದು ತಗೊಳ್ಳುತ್ತೇವೆ ಅಂದವು. ಕೊಳ್ಳುವವರೇ ಇಲ್ಲದಿದ್ದರೆ ಎಕರೆಗಟ್ಟಲೆ ಯಾವ ಧೈರ್ಯದಲ್ಲಿ ನೆಡೋದು ಅಂತ ರೈತರು ಕೇಳಿದರು. ಕೊನೆಗೆ ಬೆಳೆಗಾರರ ಸಂಘವೇ ಅರ್ಜಿ ಹಾಕಿತು. 2010ರಲ್ಲಿ ಸಾವಯವ ಮಂಡಳಿ ಹಾಪ್ಸ್ ಅನ್ನು ಪಟ್ಟಿಯಿಂದ ತೆಗೆಯಲು ಶಿಫಾರಸು ಮಾಡಿತು. 2013ರ ಜನವರಿ 1ರಿಂದ ಅದು ಜಾರಿಯಾಯಿತು. ಸಾವಯವ ಬಿಯರ್ ಅಂದರೆ ಹಾಪ್ಸ್ ಕೂಡ ಸಾವಯವ ಆಗಿರಲೇಬೇಕು. ರೈತರು ತಾವೇ ಕೇಳಿ ಬಿಗಿ ಮಾಡಿಸಿಕೊಂಡ ನಿಯಮ ಇದು ಅನ್ನುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಮನೆಯಲ್ಲಿ ಮಾಡುವ ನನಗೆ ಯಾವ ನಿಯಮವೂ ಇಲ್ಲ, ಯಾರೂ ಪರೀಕ್ಷೆ ಮಾಡುವುದಿಲ್ಲ. ಆದರೂ ಮಾಲ್ಟ್ ಸಿಗದ ತಿಂಗಳು ಮಾಮೂಲಿ ಮಾಲ್ಟಿನಲ್ಲಿ ಕೆಲಸ ನಡೆಸಿಯೇನು, ಹಾಪ್ಸ್ ಮಾತ್ರ ಸಾವಯವವೇ ಆಗಬೇಕು. ಹೆಚ್ಚಿನ ಜನ ಇದರ ಉಲ್ಟಾ ಮಾಡುತ್ತಾರೆ, ತೂಕ ನೋಡಿ. ನಾನು ನೋಡುವುದು ಎಲ್ಲಿ ಔಷಧಿ ಜಾಸ್ತಿ ಬೀಳುತ್ತದೆ ಅಂತ.

ಅಪ್ಪಯ್ಯ, ಅಮ್ಮ ಒಂದು ಬೇಸಿಗೆ ಇಲ್ಲಿಗೆ ಬಂದಿದ್ದರು. ಆಗಸ್ಟ್ ಕೊನೆ, ಹಾಪ್ಸ್ ಕೊಯ್ಲಿನ ಕಾಲ. ವಿಲ್ಯಾಮೆಟ್ ಕಣಿವೆಯಲ್ಲಿ ಸ್ವಲ್ಪ ಭಾಗದಲ್ಲಿ ಸಾವಯವ ಮಾಡುವ ಒಂದು ತೋಟಕ್ಕೆ ಕರೆದುಕೊಂಡು ಹೋದೆ. ಅಪ್ಪಯ್ಯ ಜೀವನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಮಗ ಮನೆಯಲ್ಲಿ ಬಿಯರ್ ಮಾಡುತ್ತಾನೆ ಅನ್ನುವುದು ಅವರಿಗೆ ಇಷ್ಟದ ಸಂಗತಿಯೂ ಅಲ್ಲ, ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ತೋಟ ಅಂದರೆ ತೋಟ. ಒಳಗೆ ಕಾಲಿಟ್ಟವರೇ ಇಳಿಬಿಟ್ಟ ಹುರಿಯನ್ನು ಕೈಯಲ್ಲಿ ಉಜ್ಜಿ ನೋಡಿದರು. "ಇದು ತೆಂಗಿನ ನಾರಲ್ವನಾ?" ಅಂದರು. ಹೌದು, ತೆಂಗಿನ ನಾರೇ. ಅಲ್ಲಿನ ರೈತ ಇದು ಶ್ರೀಲಂಕಾದಿಂದ ಬರುತ್ತದೆ ಅಂತ ಹೇಳಿದ. ಪ್ರತಿ ವರ್ಷ ಹೊಸದು ಕಟ್ಟಬೇಕು, ಕೊಯ್ಲಿನಲ್ಲಿ ಬಳ್ಳಿಯ ಜೊತೆಗೇ ಕೊಚ್ಚಿಹೋಗಿ ಗೊಬ್ಬರವಾಗುತ್ತದೆ, ಅದಕ್ಕೇ ಪ್ಲಾಸ್ಟಿಕ್ ಹುರಿ ಬಳಸುವುದಿಲ್ಲ ಅಂದ. ನಾನು ಕನ್ನಡಕ್ಕೆ ಮಾಡಿ ಹೇಳಿದೆ. ಅಪ್ಪಯ್ಯ ತಲೆ ಎತ್ತಿ ಸಾಲು ಸಾಲು ಹುರಿಗಳನ್ನು ನೋಡುತ್ತಾ ಬಹಳ ಹೊತ್ತು ನಿಂತರು.

ಆಮೇಲೆ ಎಲೆಗಳ ಮೇಲಿನ ತೆಳು ನೀಲಿ ಕಲೆ ಅವರ ಕಣ್ಣಿಗೆ ಬಿತ್ತು. "ಇದಕ್ಕೂ ಮೈಲುತುತ್ತನಾ ಮಾರಾಯ?"

ಅಡಿಕೆ ಬೆಳೆಯುವವರಿಗೆ ಆ ಬಣ್ಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ಮೊದಲು ಒಂದು ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆಬೇರೆ ಕರಗಿಸಿ ಸೇರಿಸಬೇಕು. ಹದ ಸರಿಯಾಗಿದೆಯಾ ಅಂತ ಅಪ್ಪಯ್ಯ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು, ಕೆಂಪು ಕಟ್ಟಿದರೆ ಇನ್ನೂ ಸುಣ್ಣ ಬೇಕು ಅಂತ. ಕೊನೆಗೌಡ ಮರ ಹತ್ತಿ ಪ್ರತಿ ಕೊನೆಗೂ, ಅಂದರೆ ಅಡಿಕೆ ಗೊಂಚಲಿಗೂ, ಹೊಡೆಯಬೇಕು. ಹೊಡೆಯದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಉದುರುತ್ತದೆ. ಈ ಪದ್ಧತಿಯನ್ನು ನಮ್ಮ ಕಡೆಗೆ ತಂದದ್ದು ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಮಿಶ್ರಣವನ್ನು, ಅಂದರೆ ಬೋರ್ಡೋ ದ್ರಾವಣವನ್ನು ಹೊಡೆಯಿರಿ ಅಂತ ಹೇಳಿದವರು. ಆ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ, ಅಲ್ಲಿನ ಡೌನಿ ಮಿಲ್ಡ್ಯೂ ರೋಗಕ್ಕೆ.

ದ್ರಾಕ್ಷಿಯ ಆ ರೋಗ, ಅಡಿಕೆಯ ಕೊಳೆರೋಗ, ಹಾಪ್ಸ್‌ನ ಡೌನಿ ಮಿಲ್ಡ್ಯೂ ಮೂರನ್ನೂ ತರುವ ಜೀವಿಗಳು ಒಂದೇ ವಂಶದವು. ನೋಡಲು ಬೂಷ್ಟು, ಆದರೆ ನಿಜವಾದ ಶಿಲೀಂಧ್ರಗಳಲ್ಲ, ಕಂದು ಪಾಚಿಗಳಿಗೆ ಹತ್ತಿರದ ಸಂಬಂಧಿಗಳು. ಎಲೆ, ಕಾಯಿಯ ಮೇಲೆ ನೀರು ನಿಂತರೆ ಅದರಲ್ಲಿ ಈಜುವ ಬೀಜಕಣ ಬಿಡುತ್ತವೆ. ಮೂರಕ್ಕೂ ತಾಮ್ರವೇ ಮದ್ದು. ಮತ್ತೆ, ಕೇಳಿ ಎಷ್ಟೋ ಜನ ಬೆಚ್ಚಿಬೀಳುತ್ತಾರೆ, ಸಾವಯವ ನಿಯಮದಲ್ಲೂ ತಾಮ್ರ ಹೊಡೆಯಲು ಅವಕಾಶ ಇದೆ. ಅಮೆರಿಕದಲ್ಲೂ ಇದೆ, ಯುರೋಪಿನಲ್ಲೂ ಇದೆ. ಸಾವಯವ ಅಂದರೆ ಏನೂ ಹೊಡೆಯದ್ದು ಅಂತಲ್ಲ.

ಇದನ್ನು ಹೇಳಿದರೆ ಕೆಲವರು, ಹಾಗಾದರೆ ಎಲ್ಲ ಮೋಸ ಅಂತ ಕೈ ಕೊಡವುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ತಾಮ್ರ ಸುಮ್ನೆ ಬಿಡುವ ವಿಷಯವೂ ಅಲ್ಲ. ಅದು ಲೋಹ, ಕೊಳೆತು ಹೋಗುವುದಿಲ್ಲ. ವರ್ಷ ವರ್ಷ ಹೊಡೆದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ, ಎರೆಹುಳಕ್ಕೆ ತೊಂದರೆ, ಹಳ್ಳಕ್ಕೆ ಇಳಿದರೆ ಮೀನಿಗೆ ತೊಂದರೆ. ಅದಕ್ಕೇ ಯುರೋಪಿನಲ್ಲಿ 2019ರಿಂದ ಮಿತಿ ಬಿಗಿಮಾಡಿದ್ದಾರೆ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿಗಿಂತ ಜಾಸ್ತಿ ತಾಮ್ರ ಹಾಕುವಂತಿಲ್ಲ. ಒರೆಗಾನಿನಲ್ಲಿ ಸಾಲ್ಮನ್ ಮೀನು ಏರಿಬರುವ ಹೊಳೆಗಳನ್ನು ಉಳಿಸಲು ಸಾಲ್ಮನ್ ಸೇಫ್ ಅನ್ನುವ ಪ್ರಮಾಣಪತ್ರವಿದೆ, ಸಾವಯವ ಅಲ್ಲದ ಹಾಪ್ಸ್ ತೋಟಗಳೂ ಅದನ್ನು ತಗೊಳ್ಳುತ್ತವೆ. ಹೊಳೆಗೆ ಏನು ಇಳಿಯುತ್ತದೆ ಅನ್ನುವುದು ಅಲ್ಲಿನ ಪ್ರಶ್ನೆ. ಬಾಟಲಿಯ ಮೇಲಿನ ಒಂದೇ ಪದಕ್ಕಿಂತ ಇಂಥ ಪ್ರಶ್ನೆಗಳನ್ನು ನಾನು ಹೆಚ್ಚು ನಂಬುತ್ತೇನೆ.

ಒಳ್ಳೆಯ ಸಾವಯವ ಬೆಳೆಗಾರ ತಾಮ್ರವನ್ನು ಕೊನೆಗೆ ಇಟ್ಟುಕೊಂಡಿರುತ್ತಾನೆ. ಅವತ್ತು ಆ ರೈತ ತೋರಿಸಿದ್ದೂ ಅದನ್ನೇ. ಬುಡದಿಂದ ಆಳೆತ್ತರದವರೆಗೆ ಎಲೆಗಳನ್ನೆಲ್ಲ ಸವರಿ ತೆಗೆದಿದ್ದ, ಗಾಳಿ ಆಡಲಿ, ತೇವ ನಿಲ್ಲದಿರಲಿ ಅಂತ. ಈ ಕೆಲಸಕ್ಕೆ ತೋಟದೊಳಗೆ ಕುರಿ ಬಿಡುವವರೂ ಇದ್ದಾರೆ. ಸಾಲುಗಳ ನಡುವೆ ಹೂ ಬಿಡುವ ಹಸಿರು ಬೆಳೆಸಿದ್ದ, ಹೇನು ತಿನ್ನುವ ಗುಲಗಂಜಿ ಹುಳಗಳಿಗೆ ಜಾಗ ಅದು. ಅಪ್ಪಯ್ಯ ತಮ್ಮ ಕಾಲದ ಕೊಟ್ಟೆ ಕಟ್ಟುವ ಕೆಲಸ ನೆನಪಿಸಿಕೊಂಡರು. ಅಡಿಕೆ ಕೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿದರೆ ಔಷಧಿಯೇ ಬೇಡ, ಆದರೆ ಕಟ್ಟುವವರು ಎಲ್ಲಿದ್ದಾರೆ ಈಗ ಅಂದರು. ರೈತ ಅದನ್ನು ಕೇಳಿ, ತನಗೂ ಎಲೆ ಸವರಲು ಆಳು ಸಿಗುವುದೇ ದೊಡ್ಡ ತಲೆನೋವು ಅಂದ. ಸಾವಯವ ಹಾಪ್ಸ್‌ಗೆ ನಾವು ಕೊಡುವ ಹೆಚ್ಚಿನ ದುಡ್ಡು ಹೋಗುವುದು ಈ ಕೈಕೆಲಸಕ್ಕೆ. ಇದು ಗೊತ್ತಾದ ಮೇಲೆ ಬೆಲೆ ಕೇಳಿ ನನಗೆ ಯಾವತ್ತೂ ಬೇಜಾರಾಗಿಲ್ಲ.

ನನ್ನ ಹಿತ್ತಿಲಲ್ಲೂ ನಾಲ್ಕಾರು ಬಳ್ಳಿ ಇವೆ, ಕ್ಯಾಸ್ಕೇಡ್ ತಳಿ. ಇಲ್ಲಿಂದ ದಕ್ಷಿಣಕ್ಕಿರುವ ಕೊರ್ವಾಲಿಸ್‌ನಲ್ಲಿ ಸರ್ಕಾರದ ತಳಿ ಸಂಶೋಧನೆಯಿಂದ ಹುಟ್ಟಿ 1972ರಲ್ಲಿ ಹೊರಬಂದದ್ದು. ಅಮೆರಿಕದ ಸಣ್ಣ ಬಿಯರ್ ಕಂಪನಿಗಳ ರುಚಿಯನ್ನು ತಿದ್ದಿದ ತಳಿ ಅಂದರೂ ತಪ್ಪಿಲ್ಲ. ಡೌನಿ ಮಿಲ್ಡ್ಯೂವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಅದಕ್ಕೇ ಅದನ್ನು ಆರಿಸಿದೆ. ವಸಂತದಲ್ಲಿ ಬುಡದಿಂದ ಏಳುವ ಚಿಗುರುಗಳಲ್ಲಿ ಕೆಲವು ಹಳದಿಯಾಗಿ, ಮುದುಡಿ, ಕುಳ್ಳಗೆ ನಿಲ್ಲುತ್ತವೆ. ರೋಗ ಅಲ್ಲಿಂದಲೇ ಶುರು. ಕಂಡ ತಕ್ಷಣ ಕಿತ್ತು ದೂರ ಹಾಕುತ್ತೇನೆ. ತಾಮ್ರ ಹೊಡೆಯುವುದಿಲ್ಲ. ಹಿತ್ತಿಲಲ್ಲಿ ಇದು ಸಾಧ್ಯ. ಎಕರೆಗಟ್ಟಲೆ ಬೆಳೆಯುವವನಿಗೆ ಹೀಗೆ ಮಾಡು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅವತ್ತು ಸಂಜೆ ಮನೆಗೆ ಬಂದ ಮೇಲೆ, ತೋಟದಿಂದ ತಂದ ಹಸಿ ಹೂ ಹಾಕಿ ಬಿಯರ್ ಮಾಡಲು ಕೂತೆ. ಹಸಿ ಹೂವಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ, ಅದಕ್ಕೆ ಒಣಗಿದ್ದರ ಐದಾರು ಪಟ್ಟು ತೂಕ ಬೇಕು, ಕೊಯ್ದು ಒಂದು ದಿನದೊಳಗೆ ಬಳಸಬೇಕು. ಹಾಪ್ಸ್ ಹಾಕುವ ಮೊದಲು, ಬರೀ ಮಾಲ್ಟಿನ ನೀರಿರುವಾಗ ಅಪ್ಪಯ್ಯ ಒಂದು ಚಮಚ ಕೇಳಿ ತಗೊಂಡರು. ಚೆನ್ನಾಗಿದೆ, ಇಲ್ಲಿಗೇ ನಿಲ್ಲಿಸಬಹುದಲ್ಲ ಅಂದರು. ಅಮ್ಮ ಇದಕ್ಕೆ ರಾಗಿ ಆಗೋದಿಲ್ವಾ ಅಂತ ಕೇಳಿದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾಗಿ ಆಗುತ್ತದೆ. ಸಿಕ್ಕಿಂ, ನೇಪಾಳದ ಕಡೆ ರಾಗಿಯಿಂದ ಜಾಂಡ್, ತೊಂಗ್ಬಾ ಅನ್ನುವ ಮದ್ಯ ಮಾಡುತ್ತಾರೆ. ಉಗಾಂಡಾದಲ್ಲೂ ರಾಗಿಯ ಬಿಯರಿದೆ. ಕಿರುಧಾನ್ಯಗಳಲ್ಲಿ ಮೊಳಕೆಯ ಕಿಣ್ವ ಚೆನ್ನಾಗಿರುವುದು ರಾಗಿಯಲ್ಲೇ. ಆದರೆ ಮಕ್ಕಳ ಹಿಟ್ಟಿಗೆ ಮಾಡುವ ಹಾಗೆ ಮೊಳಕೆ ರಾಗಿಯನ್ನು ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಬಿಯರಿಗೆ ಬೇಕಾದ್ದನ್ನು ಹದ ಬಿಸಿಲಿನಲ್ಲಿ ಒಣಗಿಸಬೇಕು. ಇನ್ನೊಂದು ತೊಡಕು, ರಾಗಿಯ ಪಿಷ್ಟ ಬೇಯಲು ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು. ಹಾಗಾಗಿ ರಾಗಿಯನ್ನು ಬೇರೆ ಪಾತ್ರೆಯಲ್ಲಿ ಗಂಜಿ ಕಾಯಿಸಿ, ಆರಿಸಿ, ಬಾರ್ಲಿ ಮಾಲ್ಟಿಗೆ ಸೇರಿಸುತ್ತೇನೆ. ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸ ಬಾರ್ಲಿಯ ಕಿಣ್ವದ್ದು.

ಸಾವಯವ ರಾಗಿ ಇಲ್ಲಿ ಸಿಗುವುದೂ ಒಂದು ಕಥೆ. ಭಾರತದ ಸಾವಯವ ಪ್ರಮಾಣಪತ್ರವನ್ನು ಅಮೆರಿಕ ಮೊದಲು ಒಪ್ಪುತ್ತಿತ್ತು. 2021ರಲ್ಲಿ ಆ ಒಪ್ಪಂದವನ್ನು ಕೈಬಿಟ್ಟಿತು. ಈಗ ಇಲ್ಲಿ ಸಾವಯವ ಅಂತ ಮಾರಬೇಕಾದರೆ ಅಮೆರಿಕದ್ದೇ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕು. ಒಂದೆರಡು ಎಕರೆ ಖುಷ್ಕಿಯಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿ ರಾಗಿ ಬೆಳೆಯುವವನಿಗೆ ಆ ಖರ್ಚು ಎಲ್ಲಿಂದ ಬರಬೇಕು? ಮಳೆ ನಂಬಿ ಬೆಳೆಯುವ ನಮ್ಮ ಎಷ್ಟೋ ರಾಗಿ ಹೊಲಗಳಿಗೆ ಕೀಟನಾಶಕ ಬೀಳುವುದೇ ಅಪರೂಪ. ಆದರೂ ಅದು ಸಾವಯವ ಅನ್ನಿಸಿಕೊಳ್ಳುವುದಿಲ್ಲ. ನಾನು ಪರಿಚಯದವರ ಹೊಲದ ರಾಗಿಯನ್ನು ಊರಿಂದ ಬರುವವರ ಕೈಯಲ್ಲಿ ಹಿಟ್ಟು ಮಾಡಿಸಿ ತರಿಸಿಕೊಳ್ಳುತ್ತೇನೆ. ಅದಕ್ಕೆ ಚೀಟಿ ಇಲ್ಲ. ಹೊಲ ನೋಡಿದ್ದೇನೆ, ಸಾಕು.

ಐದನೇ ಒಂದು ಪಾಲು ರಾಗಿ ಹಾಕಿದ ಬಿಯರ್ ಸ್ವಲ್ಪ ಕೆಂಚಾಗಿ ಬರುತ್ತದೆ. ಮೊದಲ ಗುಟುಕಿಗೆ ರಾಗಿ ಗೊತ್ತಾಗುವುದಿಲ್ಲ, ನುಂಗಿದ ಮೇಲೆ ನಾಲಿಗೆಯ ಹಿಂದೆ ಉಳಿಯುತ್ತದೆ. ಕ್ಯಾಸ್ಕೇಡ್ ಹಾಕಿದರೆ ಅದರ ಚಕೋತದ ಪರಿಮಳ ರಾಗಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಈ ಚಳಿಗಾಲಕ್ಕೆ ಕ್ಯಾಸ್ಕೇಡ್ ಬಿಟ್ಟು ಮೆತ್ತಗಿನ ವಿಲ್ಯಾಮೆಟ್ ತಳಿಯ ಹೂ ಹಾಕಿ, ರಾಗಿಯ ಪಾಲನ್ನು ಕಾಲು ಭಾಗಕ್ಕೆ ಏರಿಸಿ ಮಾಡಬೇಕು ಅಂತಿದ್ದೇನೆ. ಅದೇ ತೋಟದ ರೈತ ಒಂದು ಕೆಜಿ ಒಣ ಹೂ ತೆಗೆದಿಡುತ್ತೇನೆ ಅಂದಿದ್ದಾನೆ.